ನೆಲ ಇಲ್ಲಿ, ದಫ್ತರ ಪುಣೆಯಲ್ಲಿ

ನನಗೆ ಮೋಡಿ ಲಿಪಿ ಓದಲು ಬರುತ್ತದೆಂದು ಗೊತ್ತಿದ್ದವರು ಬೈಲಹೊಂಗಲದ ಮನೆಗೆ ಹಳೆಯ ಇನಾಂ ಕಾಗದ ಹಿಡಿದು ಬರುತ್ತಾರೆ. ಹಾಳೆಯ ಈ ಅಂಚಿನಿಂದ ಆ ಅಂಚಿನವರೆಗೆ ಮೊದಲು ಗೆರೆ ಎಳೆದು, ಅದರ ಕೆಳಗೆ ಪದಕ್ಕೂ ಪದಕ್ಕೂ ಸಂದಿ ಬಿಡದೆ ಅಕ್ಷರ ತೂಗುಹಾಕಿದ ಬರಹ. ತಾರೀಖು ಫಸಲಿಯಲ್ಲಿ. ಫಸಲಿ 1234 ಎಂದಿದ್ದರೆ 590 ಕೂಡಿಸಬೇಕು, 1824ರ ಮಳೆಗಾಲದಿಂದ ಶುರುವಾದ ವರ್ಷ. ಕಿತ್ತೂರು ಹೊತ್ತಿ ಉರಿದ ವರ್ಷ.

ಇದರ ಸರ್ಕಾರಿ ದಾಖಲೆ ಎಲ್ಲಿ ಸಿಕ್ಕೀತು ಎಂದು ಅವರು ಕೇಳುತ್ತಾರೆ. ಬೆಳಗಾವಿಯಲ್ಲಿ ಹುಡುಕಿ ಸೋತಿರುತ್ತಾರೆ. 1824ರಲ್ಲಿ ಬೆಳಗಾವಿ ಜಿಲ್ಲೆಯೇ ಇರಲಿಲ್ಲ. 1836ರಲ್ಲಿ ಅದು ಧಾರವಾಡದಿಂದ ಬೇರೆಯಾಯಿತು. ಆಮೇಲೂ ಹೆಸರುಗಳು ದಾರಿ ತಪ್ಪಿಸುತ್ತವೆ. 1884ರ ಗ್ಯಾಝೆಟಿಯರಿನಲ್ಲಿ ಬೈಲಹೊಂಗಲ, ಕಿತ್ತೂರುಗಳನ್ನು ಸಂಪಗಾವಿ ತಾಲ್ಲೂಕಿನಲ್ಲಿ, ಸವದತ್ತಿಯನ್ನು ಪರಸಗಡದಲ್ಲಿ ನೋಡಬೇಕು. ರಾಮದುರ್ಗ ಭಾವೆ ಮನೆತನದ ಸಂಸ್ಥಾನ, ಮುಂಬೈ ಪ್ರಾಂತಕ್ಕೆ ಸೇರಿದ್ದು 1948ರಲ್ಲಿ. 1858ರ ಮೇ ತಿಂಗಳಲ್ಲಿ ನರಗುಂದದ ಬಾಬಾಸಾಹೇಬರು ಇದೇ ಸಂಸ್ಥಾನದ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದದ್ದೂ ಅದಕ್ಕೇ ರಾಜಕೀಯ ಇಲಾಖೆಯ ಕಡತದ ವಿಷಯ.

ಕಿತ್ತೂರಿನ ತಂಟೆ ಹುಟ್ಟಿದ್ದೇ ಒಂದು ಪತ್ರದಿಂದ. ದೇಸಾಯಿ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರಿನಲ್ಲಿ ತೀರಿಕೊಂಡ. ಮಗನನ್ನು ದತ್ತು ತೆಗೆದುಕೊಂಡಿದ್ದೇನೆಂಬ ಅವನ ಪತ್ರ ಧಾರವಾಡಕ್ಕೆ ಮುಟ್ಟಿತು. ಕಲೆಕ್ಟರ್ ಥ್ಯಾಕರೆ ಅದರ ಸಹಿಯನ್ನು ನಂಬದೆ ಕಿತ್ತೂರಿನ ಖಜಾನೆಗೆ ಕಾವಲು ಹಾಕಿಸಿದ. ಅಕ್ಟೋಬರ್ 23ರಂದು ಕೋಟೆಯೆದುರು ಹತನಾದ. ಅಂದು ಸೆರೆಸಿಕ್ಕವರಲ್ಲಿ ಅವನ ಸಹಾಯಕ ವಾಲ್ಟರ್ ಎಲಿಯಟ್ ಒಬ್ಬ. ಮುಂದೆ ಕರ್ನಾಟಕದ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ಪ್ರತಿ ಮಾಡಿಸಿದವನು ಇದೇ ಎಲಿಯಟ್. ಕಿತ್ತೂರಿನ ರಾಣಿ ಚೆನ್ನಮ್ಮನ ಜನ ಅವನನ್ನು ಜೀವಸಹಿತ ಬಿಟ್ಟಿದ್ದು ನಮ್ಮ ಇತಿಹಾಸಕ್ಕೆ ಮಾಡಿದ ಉಪಕಾರ ಎಂದೇ ನನ್ನ ಎಣಿಕೆ.

ಥ್ಯಾಕರೆಯ ಮೇಲಧಿಕಾರಿ, ಕಮಿಷನರ್ ಚಾಪ್ಲಿನ್ ಇದ್ದದ್ದು ಪುಣೆಯಲ್ಲಿ. ಗವರ್ನರ್ ಎಲ್ಫಿನ್‌ಸ್ಟನ್ ಮುಂಬೈಯಲ್ಲಿ. ಇಲ್ಲಿಂದ ಹೋದ ವರದಿ, ಅರ್ಜಿಗಳೆಲ್ಲ ಅಲ್ಲೇ ಕಟ್ಟುಬಿದ್ದವು. 1956ರ ನವೆಂಬರ್ 1ರಂದು ಚಂದಗಡವೊಂದನ್ನು ಬಿಟ್ಟು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಆ ಹಳೆಯ ದಫ್ತರ ಬರಲಿಲ್ಲ.

ಮಹಾರಾಷ್ಟ್ರದೊಂದಿಗಿನ ಗಡಿಯ ಜಗಳದಲ್ಲಿ ಇದನ್ನು ಕೇಳುವವರೇ ಇಲ್ಲವಾದರು. ಬೆಳಗಾವಿ ಮೈಸೂರು ರಾಜ್ಯದಲ್ಲೇ ಇರಲಿ ಎಂದು ಮಹಾಜನ ಆಯೋಗ 1967ರಲ್ಲಿ ಹೇಳಿತು. ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಎರಡೂ ಕಡೆ ಆಡುವುದು ಬೆಳಗಾವಿ, ನಿಪ್ಪಾಣಿ, ಖಾನಾಪುರದ ಮಾತು. ನಮ್ಮ ಭಾಗದ ಮಕ್ಕಳು ಮಾತ್ರ ಚೆನ್ನಮ್ಮನ ಕಥೆಯನ್ನು ಲಾವಣಿ, ನಾಟಕ, ಸಿನಿಮಾಗಳಲ್ಲಿ ಕಾಣಬಲ್ಲರೇ ಹೊರತು ಆ ಕಾಲದ ಒಂದು ಕಾಗದದಲ್ಲೂ ಕಾಣಲಾರರು. ಇದು ನನ್ನನ್ನು ಬಹಳ ನೋಯಿಸುತ್ತದೆ.

ಅಸಲು ಪ್ರತಿ ಇರುವಲ್ಲೇ ಇರಲಿ, ಜೋಪಾನವಾಗಿರಲಿ. ನಕಲನ್ನಾದರೂ ಕರ್ನಾಟಕ ಸರ್ಕಾರ ಕೇಳಿ ತರಬೇಕು, ಕಿತ್ತೂರಿನಲ್ಲಿ ಓದಲು ಇಡಬೇಕು. 1824ರ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗಿನ ನಾಲ್ಕು ತಿಂಗಳ ಪತ್ರಗಳು ಮೊದಲು ಬರಲಿ.