ಮುಂದಿನ ಗಣಿತ ಎಂದಿಗೆ?

ಮಾದನಹಿಪ್ಪರಗಾದಂತಹ ಊರಿನಲ್ಲಿ ಏಳನೆಯ ತರಗತಿಯ ಬಾಲಕಿಯೊಬ್ಬಳು ಹತ್ತನೆಯ ತರಗತಿಯ ಲೆಕ್ಕಗಳನ್ನು ಬಿಡಿಸುತ್ತಾಳೆ ಎನ್ನೋಣ. ಅವಳಿಗೆ ಈಗಲೇ ಕಲನಶಾಸ್ತ್ರವನ್ನು ಕಲಿಸಬಹುದೆ? ಇದನ್ನು ನಿರ್ಧರಿಸುವಾಗ ಅವಳ ವೇಗವನ್ನು ಬದಿಗಿಡಬೇಕೆಂಬುದು ನಮ್ಮ ಅಭಿಪ್ರಾಯ.

ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾದೇವಿಯವರು 1980ರಲ್ಲಿ ಲಂಡನ್ನಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಗುಣಿಸಿದರು. ಬೆರಗಿನ ಶಕ್ತಿಯೇ ಸರಿ. ಆದರೆ ಎಣಿಸುವ ಶಕ್ತಿ ಬೇರೆ, ಕಾರಣವನ್ನು ಬಯಸುವ ಬುದ್ಧಿ ಬೇರೆ.

ಈ ಬುದ್ಧಿಯನ್ನು ಪರೀಕ್ಷಿಸಲು ಕಲಬುರಗಿ ಜಿಲ್ಲೆಯ ಇತಿಹಾಸದಲ್ಲಿಯೇ ಒಂದು ಪ್ರಶ್ನೆಯುಂಟು. ಮಳಖೇಡದಿಂದ ಆಳಿದ ಅಮೋಘವರ್ಷನ ಕಾಲದಲ್ಲಿ, 9ನೆಯ ಶತಮಾನದಲ್ಲಿ, 'ಗಣಿತಸಾರಸಂಗ್ರಹ'ವನ್ನು ಬರೆದ ಮಹಾವೀರಾಚಾರ್ಯನು ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆಂದನು. ಅಷ್ಟು ದೊಡ್ಡ ಗಣಿತಜ್ಞನ ಈ ಮಾತು ಏಕೆ ಸರಿಯಲ್ಲ? ಬಾಲಕಿಯನ್ನು ಕೇಳಿರಿ. 6ನ್ನು 0.1, 0.01, 0.001ರಿಂದ ಭಾಗಿಸಿದರೆ 60, 600, 6000 ಬರುತ್ತದೆ. ಈ ಬೆಳವಣಿಗೆಗೆ ಕೊನೆಯೆಲ್ಲಿ ಎಂದು ಅವಳು ದಿನಗಟ್ಟಲೆ ಯೋಚಿಸಿದರೆ, ಕಲನಶಾಸ್ತ್ರದ ಹೊಸ್ತಿಲಿಗೆ ತಾನಾಗಿಯೇ ಬಂದಿದ್ದಾಳೆ. ಇನ್ನು ಕಾಯಿಸುವುದು ಅನ್ಯಾಯ. ಸೂತ್ರವನ್ನಷ್ಟೇ ಬೇಡಿದರೆ ಅವಸರವಿಲ್ಲ.

ಹಾಗೆಂದು ತರಗತಿಗಳನ್ನೇ ಹಾರಿಸಬೇಕಿಲ್ಲ. 2006ರಲ್ಲಿ ಫೀಲ್ಡ್ಸ್ ಪದಕ ಪಡೆದ ಆಸ್ಟ್ರೇಲಿಯದ ಟೆರೆನ್ಸ್ ಟಾವೊ ಬಾಲ್ಯದಲ್ಲಿ ಬೇರೆ ಬೇರೆ ವಿಷಯಗಳನ್ನು ಬೇರೆ ಬೇರೆ ತರಗತಿಗಳಲ್ಲಿ ಕಲಿತರು. ನಮ್ಮ ಹಳ್ಳಿಯ ಬಾಲಕಿಗೂ ಗಣಿತದ ವೇಳೆಗೆ ಮಾತ್ರ ಮೇಲಿನ ತರಗತಿಯಲ್ಲಿ ಒಂದು ಜಾಗ ಕೊಟ್ಟರೆ ಸಾಕು. ಉಳಿದ ವೇಳೆ ಅವಳು ಗೆಳತಿಯರೊಡನೆಯೇ ಇರಲಿ.