ಪಾಚಿ ತುಂಬಿದೆ, ಆದರೂ ಹಸಿವು

ಜಿಂಕೆ ಹೆಚ್ಚಾದರೆ ಹುಲಿ ಹೆಚ್ಚುತ್ತೆ. ಹುಲಿ ಹೆಚ್ಚಾದರೆ ಜಿಂಕೆ ಕಡಿಮೆಯಾಗುತ್ತೆ, ಆಮೇಲೆ ಹುಲಿಯೂ ಹಸಿದು ಕುಗ್ಗುತ್ತೆ. ನಾವೆಲ್ಲ ಶಾಲೆಯಲ್ಲಿ ಕಲಿತ ಪಾಠ ಇದು. 1920ರ ದಶಕದಲ್ಲಿ ಲೋಟ್ಕಾ ಮತ್ತು ವೋಲ್ಟೆರಾ ಎಂಬಿಬ್ಬರು ಇದನ್ನು ಗಣಿತದ ಸಮೀಕರಣಕ್ಕೆ ಇಳಿಸಿದರು. ಅವರ ಲೆಕ್ಕದಲ್ಲಿ ಬಲಿಯ ಸಂಖ್ಯೆ ಮೊದಲು ಏರುತ್ತದೆ, ಬೇಟೆಗಾರನದು ಕಾಲು ಸುತ್ತಿನಷ್ಟು ತಡವಾಗಿ ಹಿಂಬಾಲಿಸುತ್ತದೆ.

ಆದರೆ ಈ ಲೆಕ್ಕ ಒಂದು ವಿಷಯವನ್ನು ಸುಮ್ಮನೆ ಒಪ್ಪಿಕೊಂಡುಬಿಟ್ಟಿದೆ: ಇವತ್ತಿನ ಬಲಿಯೂ ನಾಳೆಯ ಬಲಿಯೂ ಒಂದೇ ಥರ ಅನ್ನೋದು. ವಿಕಾಸಕ್ಕೆ ಲಕ್ಷಾಂತರ ವರ್ಷ ಬೇಕಲ್ಲ, ಅದನ್ನು ಇಲ್ಲಿಗೆ ಯಾಕೆ ಎಳೆದು ತರಬೇಕು ಅಂತ ನೀವು ಕೇಳಬಹುದು.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಯೋಶಿದಾ ಮತ್ತು ಸಂಗಡಿಗರು ನಡೆಸಿ 2003ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಪಾತ್ರೆಯಲ್ಲಿ ಕ್ಲೋರೆಲ್ಲಾ ಎಂಬ ಹಸಿರು ಪಾಚಿ, ಅದನ್ನು ತಿನ್ನುವ ರೋಟಿಫರ್ ಎಂಬ ಸೂಕ್ಷ್ಮಜೀವಿ. ಒಂದೇ ತಳಿಯ ಪಾಚಿ ಇದ್ದ ಕಡೆ ಹಳೆಯ ಲೆಕ್ಕವೇ ಸರಿಬಂತು. ಹಲವು ತಳಿ ಬೆರೆತ ಕಡೆ ಸುತ್ತು ಬಹಳ ಉದ್ದವಾಯಿತು. ಅಷ್ಟೇ ಅಲ್ಲ, ಪಾಚಿ ತುಂಬಿದಾಗ ರೋಟಿಫರ್ ಕಡಿಮೆ, ರೋಟಿಫರ್ ತುಂಬಿದಾಗ ಪಾಚಿ ಕಡಿಮೆ!

ಯಾಕೆ ಹೀಗೆ? ರೋಟಿಫರ್ ಹೆಚ್ಚಾದಾಗ ಸುಲಭವಾಗಿ ತಿನ್ನಿಸಿಕೊಳ್ಳುವ ತಳಿ ಖಾಲಿಯಾಗುತ್ತದೆ, ಒಳ್ಳೆಯ ಆಹಾರವಾಗದ ತಳಿ ಉಳಿದು ಬೆಳೆಯುತ್ತದೆ. ಸುತ್ತಲೂ ಪಾಚಿ ಇದ್ದೂ ರೋಟಿಫರ್ ಹಸಿಯುತ್ತದೆ, ಕುಸಿಯುತ್ತದೆ. ಆದರೆ ರಕ್ಷಣೆ ಪುಕ್ಕಟೆ ಸಿಗೋದಿಲ್ಲ. ಪೋಷಕಾಂಶ ಕಡಿಮೆಯಿದ್ದಾಗ ಗಟ್ಟಿ ತಳಿ ಪೈಪೋಟಿಯಲ್ಲಿ ಹಿಂದೆ ಬೀಳುತ್ತದೆ. ಹಾಗಾಗಿ ಬೇಟೆಗಾರ ಕಡಿಮೆಯಾದ ಕೂಡಲೇ ಮೆತ್ತಗಿನ ತಳಿ ಮತ್ತೆ ಮೇಲೆ ಬರುತ್ತದೆ, ರೋಟಿಫರ್‌ಗೂ ಮತ್ತೆ ಊಟ ಸಿಗುತ್ತದೆ. ಈ ತಳಿಗಳ ಅದಲುಬದಲೇ ವಿಕಾಸ. ಅದು ನಡೆದದ್ದು ಕೆಲವೇ ವಾರಗಳಲ್ಲಿ.

2007ರಲ್ಲಿ ಇದೇ ತಂಡ ಇನ್ನೂ ವಿಚಿತ್ರವಾದದ್ದನ್ನು ತೋರಿಸಿತು. ರಕ್ಷಣೆಗೆ ತೆರುವ ಬೆಲೆ ತೀರಾ ಕಡಿಮೆಯಿದ್ದರೆ ಪಾಚಿಯ ಒಟ್ಟು ಸಂಖ್ಯೆ ಹೆಚ್ಚುಕಡಿಮೆ ಅಲುಗಾಡುವುದೇ ಇಲ್ಲ, ಬೇಟೆಗಾರನ ಸಂಖ್ಯೆ ಮಾತ್ರ ಏರಿಳಿಯುತ್ತದೆ. ಒಳಗೆ ತಳಿಗಳು ಬದಲಾಗುತ್ತಲೇ ಇರುತ್ತವೆ. ಬರೀ ತಲೆ ಎಣಿಸಿದವರು "ಇವೆರಡಕ್ಕೂ ಸಂಬಂಧವೇ ಇಲ್ಲ" ಅಂತ ಬರೆದುಬಿಡುತ್ತಾರೆ.

ಹುಲಿ, ಜಿಂಕೆಗಳ ತಲೆಮಾರು ದೊಡ್ಡದು, ಅಲ್ಲಿ ವಾರಗಳಲ್ಲಿ ಇದು ನಡೆಯೋದಿಲ್ಲ. ಆದರೆ ಬ್ಯಾಕ್ಟೀರಿಯಾ, ಕೀಟ, ಪಾಚಿಗಳದು ಚಿಕ್ಕದು. ಬೆಳೆ ತಿನ್ನುವ ಕೀಟವನ್ನೋ ಕೆರೆಯ ಪಾಚಿಯನ್ನೋ ಹಿಡಿತಕ್ಕೆ ತರಲು ಅದನ್ನು ತಿನ್ನುವ ಜೀವಿಯನ್ನು ಬಿಡುವ ಮೊದಲು ಎಷ್ಟಿವೆ ಅಂತ ಕೇಳಿದರೆ ಸಾಲದು. ಅವುಗಳಲ್ಲಿ ಎಷ್ಟು ತಳಿಗಳಿವೆ, ತಿಂದು ಉಳಿದದ್ದು ಎಂಥದ್ದು ಅಂತಲೂ ಕೇಳಬೇಕು.