ಚಿಂತೆ ಈ ತಿಂಗಳು, ಹೊಟ್ಟು ಮುಂದಿನ ತಿಂಗಳು

ನೆದರ್‌ಲೆಂಡ್ಸ್‌ನ ಆಲ್ಮೆರೆಯಲ್ಲಿ ನಾವು ಬದುಕುತ್ತಿರುವುದು ಸಮುದ್ರಮಟ್ಟಕ್ಕಿಂತ ಕೆಳಗೆ. ಈ ನೆಲ ನೀರಿನಿಂದ ಹೊರಬಂದದ್ದೇ 1968ರಲ್ಲಿ. ಮೊದಲ ಮನೆಗಳಿಗೆ ಜನ ಬಂದದ್ದು 1976ರಲ್ಲಿ. ಊರಂಚಿನ ಬ್ಲಾಕ್ ಫಾನ್ ಕುಫೆಲರ್ ಪಂಪ್‌ಹೌಸ್ ಕಾಲುವೆಯ ನೀರನ್ನು ಎತ್ತಿ ಹೊರಗೆ ಹಾಕುವುದರಿಂದಲೇ ನಮ್ಮ ಅಂಗಳ ಒಣಗಿರುತ್ತದೆ. ಮಳೆ ಜೋರಾದಷ್ಟೂ ಪಂಪು ಹೆಚ್ಚು ದುಡಿಯಬೇಕು. ಸೋರಿಯಾಸಿಸ್ ಮತ್ತು ಮನಸ್ಸಿನ ಒತ್ತಡದ ನಂಟನ್ನು ಬಿಡಿಸಿ ಹೇಳಲು ನನಗೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಕ್ಕಿಲ್ಲ.

ಚರ್ಮದ ತಳದಲ್ಲಿ ಹುಟ್ಟಿದ ಕೋಶ ಮೇಲೆ ಬಂದು ಉದುರಲು ಸಾಮಾನ್ಯವಾಗಿ ಒಂದು ತಿಂಗಳು ಬೇಕು. ಸೋರಿಯಾಸಿಸ್‌ನಲ್ಲಿ ಕೆಲವೇ ದಿನ ಸಾಕು. ಬಲಿಯದ ಕೋಶಗಳು ಒಂದರ ಮೇಲೊಂದು ಕೂತು ಮೊಣಕೈ, ಮೊಣಕಾಲು, ನೆತ್ತಿಯಲ್ಲಿ ಬೆಳ್ಳಿ ಬಣ್ಣದ ಹೊಟ್ಟಾಗುತ್ತವೆ. ಈ ಅವಸರ ಹುಟ್ಟಿಸುವುದು ದೇಹದ್ದೇ ರೋಗನಿರೋಧಕ ಪಡೆ. ಅದಕ್ಕೆ ಬೇರು ವಂಶವಾಹಿಯಲ್ಲಿದೆ. ಇದು ಅಂಟುವ ಕಾಯಿಲೆಯೇ ಅಲ್ಲ. ಆದರೂ ಕುಷ್ಠವೆಂದು ತಿಳಿದು ಈ ರೋಗಿಗಳನ್ನು ದೂರವಿಟ್ಟ ಕಾಲ ದೀರ್ಘವಾಗಿತ್ತು. ಎರಡೂ ಬೇರೆ ಬೇರೆ ಎಂದು ವಿಯೆನ್ನಾದ ವೈದ್ಯ ಫರ್ಡಿನಾಂಡ್ ಹೆಬ್ರಾ ಸ್ಪಷ್ಟಪಡಿಸಿದ್ದು 1841ರಲ್ಲಿ.

ಒತ್ತಡ ಬಂದಾಗ ಅಡ್ರಿನಲ್ ಗ್ರಂಥಿ ಕಾರ್ಟಿಸೋಲ್ ಸುರಿಸುತ್ತದೆ. ಅದು ಉರಿಯೂತವನ್ನು ಅದುಮಿಡುವ ಹಾರ್ಮೋನು. ನಮ್ಮ ಪಂಪು ಎನ್ನಿ. ಇದೇ ನೆದರ್‌ಲೆಂಡ್ಸ್‌ನ ನೈಮೇಖನ್‌ನಲ್ಲಿ ಆಂಡ್ರಿಯಾ ಎವರ್ಸ್ ಮತ್ತು ಸಂಗಡಿಗರು 62 ರೋಗಿಗಳನ್ನು ಆರು ತಿಂಗಳು ಗಮನಿಸಿದರು. ದಿನನಿತ್ಯದ ತಾಪತ್ರಯ ತುತ್ತತುದಿಗೆ ಏರಿದಾಗ ಅವರ ಕಾರ್ಟಿಸೋಲ್ ಇಳಿದಿತ್ತು ಎಂದು 2010ರಲ್ಲಿ ವರದಿ ಮಾಡಿದರು. ಮಳೆ ಹೊಯ್ಯುತ್ತಿರುವಾಗಲೇ ಪಂಪು ಸೋತಂತೆ. ಅದೇ ಹೊತ್ತಿಗೆ ಚರ್ಮದ ನರತುದಿಗಳೂ ಸಬ್‌ಸ್ಟೆನ್ಸ್ ಪಿ ಎಂಬ ರಾಸಾಯನಿಕ ಬಿಟ್ಟು ಉರಿಯನ್ನು ಕೆದಕುತ್ತವೆ. ನರಕ್ಕೆ ಪೆಟ್ಟು ಬಿದ್ದು ಸ್ಪರ್ಶ ಹೋದ ಜಾಗದಲ್ಲಿ ಸೋರಿಯಾಸಿಸ್ ತಾನಾಗಿ ಮಾಯವಾದದ್ದನ್ನು ವೈದ್ಯರು ಕಂಡಿದ್ದಾರೆ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಅದೇ ತಂಡದ ಇನ್ನೊಂದು ಮಾತು. ಒತ್ತಡ ಹೆಚ್ಚಿದ್ದ ಹೊತ್ತಿನ ಪರಿಣಾಮ ಚರ್ಮದ ಮೇಲೆ ಕಂಡದ್ದು ನಾಲ್ಕು ವಾರಗಳ ನಂತರ. ಚಿಂತೆಯನ್ನೇ ಮೆಲುಕು ಹಾಕುವವರಲ್ಲಿ, ಕೆರೆದುಕೊಳ್ಳುವವರಲ್ಲಿ ಅದು ಇನ್ನೂ ಹೆಚ್ಚು. ಊರಿನಿಂದ ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ ಸುದ್ದಿ ಬಂದ ವಾರ ಮೊಣಕೈ ಸುಮ್ಮನಿರಬಹುದು. ಅಮ್ಮ ಮನೆಗೆ ಬಂದು, ಫೋನಿನಲ್ಲಿ ನಗುತ್ತಾ ಮಾತಾಡಿದ ಮೇಲೆ ಅದು ಕೆಂಪೇರುತ್ತದೆ. ಆಗ ನಾವು ನಿನ್ನೆ ತಿಂದ ಬದನೆಕಾಯಿಯನ್ನು ದೂರುತ್ತೇವೆ.

ಹಾಗೆಂದು "ನೀನು ತಲೆ ಕೆಡಿಸಿಕೊಳ್ಳುವುದಕ್ಕೇ ಹೀಗಾಗಿದೆ" ಎಂದು ಮನೆಯವರು ಹೇಳುವುದು ಅನ್ಯಾಯ. ಒತ್ತಡ ಕೆರಳಿಸಬಲ್ಲದು ನಿಜ, ಆದರೆ ಒಳಗೆ ಆ ರೋಗದ ಒಲವು ಮೊದಲೇ ಇರಬೇಕು. ಎಲ್ಲರಿಗೂ ಒಂದೇ ತೆರನಾಗಿಯೂ ಕೆರಳುವುದಿಲ್ಲ. ಮುಲಾಮು, ಬೆಳಕಿನ ಚಿಕಿತ್ಸೆ, ಮಾತ್ರೆ, ಇಂಜೆಕ್ಷನ್‌ಗಳನ್ನು ಧ್ಯಾನಕ್ಕಾಗಿ ಬಿಡಬಾರದು; ಜೊತೆಗಿರಲಿ. ಅಮೆರಿಕದಲ್ಲಿ ಜಾನ್ ಕಬಾಟ್-ಜಿನ್ 1998ರಲ್ಲಿ ಪ್ರಕಟಿಸಿದ ಪುಟ್ಟ ಪ್ರಯೋಗದಲ್ಲಿ, ಬೆಳಕಿನ ಚಿಕಿತ್ಸೆಗೆ ನಿಂತಾಗ ಧ್ಯಾನದ ಕ್ಯಾಸೆಟ್ ಕೇಳಿದವರ ಚರ್ಮ ಉಳಿದವರಿಗಿಂತ ಬೇಗ ತಿಳಿಯಾಯಿತು.

ಇಲ್ಲಿ ಚರ್ಮತಜ್ಞರ ಬಳಿಗೆ ಹೋಗುವ ದಾರಿ ಹೌಸ್‌ಆರ್ಟ್ಸ್, ಅಂದರೆ ಕುಟುಂಬ ವೈದ್ಯರ ಮೂಲಕವೇ. ಅವರೆದುರು ಕೂತ ಹತ್ತು ನಿಮಿಷದಲ್ಲಿ ಮೊಣಕೈ ತೋರಿಸಿದ ಮೇಲೆ, ಹೋದ ತಿಂಗಳು ಮನೆಯಲ್ಲಿ ಏನಾಯಿತೆಂದೂ ಹೇಳಿ.